ನೀರಿನ ಲೆಕ್ಕ ತಪ್ಪಿದ ಮೇಷ್ಟ್ರು: ಜಾನ್ ಡಾಲ್ಟನ್

ಜಾನ್ ಡಾಲ್ಟನ್ ಮೊದಲ ಸಲ ಮೇಷ್ಟ್ರಾದಾಗ ಆತನಿಗೆ 12 ವರ್ಷ. ಉತ್ತರ ಇಂಗ್ಲೆಂಡಿನ ಕಂಬರ್‌ಲ್ಯಾಂಡ್ ಸೀಮೆಯ ಈಗಲ್ಸ್‌ಫೀಲ್ಡ್ ಎಂಬ ಸಣ್ಣ ಹಳ್ಳಿಯಲ್ಲಿ 1778ರಲ್ಲಿ ಆ ಹುಡುಗ ಶಾಲೆ ನಡೆಸಲು ಶುರು ಮಾಡಿದ. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರು ಆತನಿಗಿಂತ ದೊಡ್ಡವರು. ಗದರಿದರೆ ಜಗಳಕ್ಕೇ ನಿಲ್ಲುತ್ತಿದ್ದರಂತೆ. ಬೋಧನಾಭ್ಯಾಸಕ್ಕೆ ಹೋಗಿ ಮೊದಲ ವಾರ ಹಿಂದಿನ ಬೆಂಚಿನವರನ್ನು ಎದುರಿಸಿದ ನಮಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ.

9ನೇ ತರಗತಿಯ ಪರಮಾಣುಗಳು ಮತ್ತು ಅಣುಗಳು ಪಾಠದಲ್ಲಿ ಡಾಲ್ಟನ್ ಬರುವುದು ಒಂದು ಸಣ್ಣ ಚಿತ್ರವಾಗಿ, ಕೆಲವು ಸಾಲುಗಳ ಪರಿಚಯವಾಗಿ, ಆಮೇಲೆ ಅಂಶವಾರು ಪಟ್ಟಿ ಮಾಡಿದ ಸಿದ್ಧಾಂತವಾಗಿ. ಆ ಪಾಠದ ತಯಾರಿಗೆಂದು ಆತನ ಜೀವನದ ಬಗ್ಗೆ ಓದತೊಡಗಿದಾಗ ನನಗೆ ಎರಡು ಸಂಗತಿಗಳು ಹಿಡಿಸಿದವು. ಒಂದು, ಆತ ಬದುಕಿಡೀ ಮೇಷ್ಟ್ರೇ ಆಗಿದ್ದ. ಇನ್ನೊಂದು, ಆತನ ಸಿದ್ಧಾಂತ ನಿಂತದ್ದು ಒಂದು ಊಹೆಯ ಮೇಲೆ, ಮತ್ತು ಆ ಊಹೆ ನೀರಿನ ವಿಷಯದಲ್ಲೇ ತಪ್ಪಾಗಿತ್ತು. ನಾವು ತರಗತಿಯಲ್ಲಿ ಎರಡನ್ನೂ ಹೇಳುವುದಿಲ್ಲ. ಎರಡನೆಯದನ್ನು ಹೇಳದೆ ಇರುವುದರಿಂದ ಪಾಠಕ್ಕೆ ನಷ್ಟವಾಗುತ್ತಿದೆ ಎಂಬುದು ನನ್ನ ಅನಿಸಿಕೆ. ಅದಕ್ಕೇ ಈ ಬರಹ.

ಡಾಲ್ಟನ್ ಹುಟ್ಟಿದ್ದು 1766ರ ಸೆಪ್ಟೆಂಬರಿನಲ್ಲಿ. ತಂದೆ ಜೋಸೆಫ್ ನೇಕಾರ. ಮನೆಯವರು ಕ್ವೇಕರ್ ಪಂಥಕ್ಕೆ ಸೇರಿದವರು. ಸರಳ ಉಡುಪು, ಸರಳ ಮಾತು, ಪಾದ್ರಿಗಳಿಲ್ಲದ ಪ್ರಾರ್ಥನಾ ಸಭೆ ಅವರ ರೀತಿ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಇಂಥವರಿಗೆ ಆಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರವೇಶವಿರಲಿಲ್ಲ, ಕೇಂಬ್ರಿಜ್‌ನಲ್ಲಿ ಪದವಿ ಸಿಗುತ್ತಿರಲಿಲ್ಲ. ಹಾಗಾಗಿ ಡಾಲ್ಟನ್ ಕಲಿತದ್ದೆಲ್ಲ ಊರಿನ ತಿಳಿದವರಿಂದ ಮತ್ತು ಪುಸ್ತಕಗಳಿಂದ. ಹಳ್ಳಿಯ ಸಿರಿವಂತ ಕ್ವೇಕರ್ ಎಲಿಹು ರಾಬಿನ್‌ಸನ್ ಹವಾಮಾನ ವೀಕ್ಷಣೆಯಲ್ಲಿ ಆಸಕ್ತಿಯಿದ್ದವರು. ಅವರು ಹುಡುಗನಿಗೆ ಗಣಿತ ಹೇಳಿಕೊಟ್ಟರು.

ಶಾಲೆ ಬಹಳ ಕಾಲ ನಡೆಯಲಿಲ್ಲ. ಸ್ವಲ್ಪ ಸಮಯ ಹೊಲದ ಕೆಲಸ ಮಾಡಿದ ಡಾಲ್ಟನ್ 1781ರಲ್ಲಿ ಅಣ್ಣ ಜೊನಾಥನ್ ಇದ್ದ ಕೆಂಡಲ್ ಎಂಬ ಪಟ್ಟಣಕ್ಕೆ ಹೋದ. ಅಲ್ಲಿನ ಕ್ವೇಕರ್ ಶಾಲೆಯಲ್ಲಿ ಮೊದಲು ಸಹಾಯಕ, 1785ರಿಂದ ಅಣ್ಣತಮ್ಮಂದಿರೇ ಶಾಲೆಯ ಹೊಣೆ ಹೊತ್ತವರು. ಒಟ್ಟು 12 ವರ್ಷ ಆತ ಕೆಂಡಲ್‌ನಲ್ಲಿದ್ದ. ನಡುವೆ ಒಮ್ಮೆ, ಮೇಷ್ಟ್ರ ಸಂಪಾದನೆ ಸಾಲದು ಎನಿಸಿ, ವಕೀಲಿಯೋ ವೈದ್ಯಕೀಯವೋ ಓದಲೇ ಎಂದು ಹಿರಿಯರಿಗೆ ಪತ್ರ ಬರೆದು ಕೇಳಿದ. ಅವರು ಉತ್ತೇಜನ ಕೊಡಲಿಲ್ಲ. ಮೇಷ್ಟ್ರು ಮೇಷ್ಟ್ರಾಗಿಯೇ ಉಳಿದ.

ಕೆಂಡಲ್‌ನಲ್ಲಿ ಆತನಿಗೆ ಸಿಕ್ಕ ನಿಜವಾದ ಗುರು ಜಾನ್ ಗಾಫ್. ಎಳವೆಯಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡ ಈತ ಸುತ್ತಲಿನ ಗಿಡಗಳನ್ನು ಮುಟ್ಟಿ ಗುರುತಿಸುತ್ತಿದ್ದ, ಗಣಿತವನ್ನು ಮನಸ್ಸಿನಲ್ಲೇ ಬಿಡಿಸುತ್ತಿದ್ದ. ಡಾಲ್ಟನ್ ಆತನಿಗೆ ಓದಿ ಹೇಳುತ್ತಿದ್ದ, ಬರೆದುಕೊಡುತ್ತಿದ್ದ. ಗಾಫ್ ಲ್ಯಾಟಿನ್, ಗ್ರೀಕ್, ಗಣಿತ ಕಲಿಸಿದ. ಹವಾಮಾನದ ದಿನಚರಿ ಇಡು ಎಂದು ಸೂಚಿಸಿದ್ದೂ ಆತನೇ. 1787ರ ಮಾರ್ಚ್ 24ರಂದು ಡಾಲ್ಟನ್ ಮೊದಲ ದಾಖಲೆ ಬರೆದ. ಅಂದಿನಿಂದ 57 ವರ್ಷ ಅದನ್ನು ಬಿಡಲಿಲ್ಲ. ವಾಯುಭಾರ, ಉಷ್ಣತೆ, ಮಳೆ, ಗಾಳಿ, ಒಟ್ಟು 2 ಲಕ್ಷಕ್ಕೂ ಹೆಚ್ಚು ದಾಖಲೆಗಳು. ಉಪಕರಣಗಳಲ್ಲಿ ಕೆಲವನ್ನು ಸ್ವತಃ ಮಾಡಿಕೊಂಡ.

ಪರಮಾಣುವಿನ ಕಥೆಯಲ್ಲಿ ಹವಾಮಾನಕ್ಕೇನು ಕೆಲಸ ಎನಿಸಬಹುದು. ನನ್ನ ಮಟ್ಟಿಗೆ ಇಡೀ ಕಥೆಯ ಬೇರು ಅಲ್ಲಿದೆ. 1793ರಲ್ಲಿ ಡಾಲ್ಟನ್ ಮ್ಯಾಂಚೆಸ್ಟರಿಗೆ ಹೋಗಿ, ಅಧಿಕೃತ ಚರ್ಚಿನ ಹೊರಗಿನವರಿಗಾಗಿ ಇದ್ದ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕನಾದ. ಅದೇ ವರ್ಷ ಆತನ ಹವಾಮಾನದ ಪುಸ್ತಕ ಪ್ರಕಟವಾಯಿತು. ಗಾಳಿಯನ್ನು ವರ್ಷಗಟ್ಟಲೆ ಅಳೆದವನಿಗೆ ಒಂದು ಪ್ರಶ್ನೆ ಬಿಡದೆ ಕಾಡಿತು. ಗಾಳಿಯಲ್ಲಿ ನೈಟ್ರೋಜನ್ ಇದೆ, ಅದಕ್ಕಿಂತ ಭಾರದ ಆಕ್ಸಿಜನ್ ಇದೆ, ಇನ್ನೂ ಭಾರದ ಕಾರ್ಬನ್ ಡೈಆಕ್ಸೈಡ್ ಇದೆ, ಹಗುರವಾದ ನೀರಾವಿಯೂ ಇದೆ. ನೀರಿನ ಮೇಲೆ ಎಣ್ಣೆ ತೇಲುವಂತೆ ಇವು ಪದರ ಪದರವಾಗಿ ಯಾಕೆ ಬೇರ್ಪಡುವುದಿಲ್ಲ? ಬೆಟ್ಟದ ಮೇಲೂ ಕೆಳಗೂ ಮಿಶ್ರಣ ಯಾಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ? ಬೆಟ್ಟ ಹತ್ತುವುದು ಆತನಿಗೆ ಇಷ್ಟ. ಹೆಲ್‌ವೆಲಿನ್ ಶಿಖರಕ್ಕೆ ಉಪಕರಣ ಹೊತ್ತು ಮತ್ತೆ ಮತ್ತೆ ಹೋಗುತ್ತಿದ್ದ.

ಗಾಳಿ ಎಂದರೆ ಬಿಡಿ ಬಿಡಿ ಕಣಗಳು, ಒಂದು ಅನಿಲದ ಕಣಗಳು ತಮ್ಮಂಥವನ್ನೇ ದೂರ ತಳ್ಳುತ್ತವೆ, ಬೇರೆ ಅನಿಲದವನ್ನು ಲೆಕ್ಕಿಸುವುದಿಲ್ಲ ಎಂಬುದು ಆತ ಕೊಟ್ಟುಕೊಂಡ ಉತ್ತರ. ಇದರಿಂದಲೇ 1801ರಲ್ಲಿ ಆಂಶಿಕ ಒತ್ತಡಗಳ ನಿಯಮ ಬಂತು. ಪಿಯುಸಿಯಲ್ಲಿ ನಾವು ಓದಿದ್ದೇವೆ. ವಿವರಣೆ ಇಂದು ನಿಲ್ಲುವುದಿಲ್ಲ, ನಿಯಮ ನಿಂತಿದೆ. ತಳ್ಳುವ ಕಣಗಳ ಈ ಕಲ್ಪನೆಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದೇ ಆತನ ಕಾಲಿಗೆ ತೊಡರುತ್ತದೆ.

ಮುಂದಿನ ಪ್ರಶ್ನೆ, ನೀರು ಎಲ್ಲ ಅನಿಲಗಳನ್ನೂ ಒಂದೇ ಪ್ರಮಾಣದಲ್ಲಿ ಯಾಕೆ ಹೀರುವುದಿಲ್ಲ ಎಂಬುದು. ಕಣಗಳ ತೂಕ ಬೇರೆ ಬೇರೆ ಇರಬಹುದು, ಹಗುರ ಕಣಗಳು ಕಡಿಮೆ ಕರಗಬಹುದು ಎಂದು ಡಾಲ್ಟನ್ ಊಹಿಸಿದ. ಈ ಊಹೆಯೂ ಸರಿಯಲ್ಲ. ಆದರೆ ಅದನ್ನು ಪರೀಕ್ಷಿಸಬೇಕಾದರೆ ಕಣಗಳ ತೂಕ ಗೊತ್ತಾಗಬೇಕಲ್ಲ. ಹಾಗೆ ಆತ ಅದುವರೆಗೆ ಯಾರೂ ಮಾಡದ ಕೆಲಸಕ್ಕೆ ಕೈಹಾಕಿದ. ಕಣಾದ, ಡೆಮಾಕ್ರಿಟಸ್ ಮೊದಲಾದವರು ವಸ್ತುವನ್ನು ಒಡೆಯುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ ಎಂದು ಚಿಂತಿಸಿದ್ದರು. ಆ ಉಳಿದದ್ದನ್ನು ತಕ್ಕಡಿಗೆ ಹಾಕುವ ಯೋಚನೆ ಅವರದಲ್ಲ.

ನನ್ನ ಪಾಠದಲ್ಲಿ ಒಬ್ಬ ಹುಡುಗಿ ಎದ್ದು, ಕಣ್ಣಿಗೇ ಕಾಣದ್ದನ್ನು ಹೇಗೆ ತೂಗಿದರು ಸಾರ್ ಎಂದು ಕೇಳಿದಳು. ಪಠ್ಯದಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ನಾನು ಮರುದಿನ ತಾಂಬೂಲದ ಲೆಕ್ಕ ಕೊಟ್ಟೆ. ಒಂದು ಮದುವೆ ಮನೆಯಲ್ಲಿ ತಾಂಬೂಲಕ್ಕೆ 4 ಕಿಲೋ ಅಡಿಕೆ, 4 ಕಿಲೋ ವೀಳ್ಯದೆಲೆ ಖರ್ಚಾಗಿದೆ. ಎರಡೂ ಒಟ್ಟಿಗೆ ಮುಗಿದಿವೆ. ಒಂದು ಅಡಿಕೆಗೂ ಒಂದು ಎಲೆಗೂ ತೂಕದ ಅನುಪಾತ ಎಷ್ಟು? ಕೆಲವರು ಒಂದಕ್ಕೊಂದು, ಎರಡೂ ಸಮ ಎಂದರು. ಅಜ್ಜಿಯ ಜೊತೆ ಕೂತು ಎಲೆ ಜೋಡಿಸಿದ ಅನುಭವವಿದ್ದವರು ಸುಮ್ಮನಿರಲಿಲ್ಲ. ತಾಂಬೂಲಕ್ಕೆ ಎಲೆ ಎರಡು, ಅಡಿಕೆ ಒಂದು, ಆದ್ದರಿಂದ ಅಡಿಕೆ ಎಲೆಯ ಎರಡರಷ್ಟು ಭಾರ ಎಂದರು. ತಾಂಬೂಲವನ್ನೇ ನೋಡದ ವಿದೇಶಿಯೊಬ್ಬನಿಗೆ ಈ ಲೆಕ್ಕ ಕೊಟ್ಟರೆ ಏನು ಮಾಡುತ್ತಾನೆ ಎಂದು ಕೇಳಿದೆ. ತಕ್ಕಡಿ ಒಟ್ಟು ತೂಕ ಹೇಳುತ್ತದೆಯೇ ಹೊರತು ಒಂದು ತಾಂಬೂಲದಲ್ಲಿ ಎಷ್ಟೆಷ್ಟು ಎಂದು ಹೇಳುವುದಿಲ್ಲ. ಅದನ್ನು ಊಹಿಸಲೇಬೇಕು.

ಡಾಲ್ಟನ್‌ನ ಸ್ಥಿತಿ ಆ ವಿದೇಶಿಯದೇ. ಲವಾಸಿಯೆ ನೀರನ್ನು ವಿಶ್ಲೇಷಿಸಿ, ತೂಕದಲ್ಲಿ 85 ಭಾಗ ಆಕ್ಸಿಜನ್, 15 ಭಾಗ ಹೈಡ್ರೋಜನ್ ಎಂದು ಹೇಳಿದ್ದ. ಎರಡು ಧಾತುಗಳಿಂದ ಒಂದೇ ಸಂಯುಕ್ತ ಗೊತ್ತಿದ್ದರೆ, ಬೇರೆ ಕಾರಣ ಕಾಣುವವರೆಗೆ, ಒಂದಕ್ಕೊಂದು ಕೂಡಿದೆ ಎಂದು ಭಾವಿಸೋಣ ಎಂಬ ಸರಳತೆಯ ನಿಯಮವನ್ನು ಡಾಲ್ಟನ್ ಇಟ್ಟುಕೊಂಡ. ಆಗ ನೀರಿನ ಕಣದಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್. ಹೈಡ್ರೋಜನ್ ತೂಕ 1 ಎಂದಿಟ್ಟರೆ ಆಕ್ಸಿಜನ್ 85 ಭಾಗಿಸು 15, ಅಂದರೆ ಸುಮಾರು 5.66. ಈ ಸಂಖ್ಯೆ ಇದ್ದ ಮೊದಲ ಪಟ್ಟಿಯನ್ನು ಆತ ತನ್ನ ಪ್ರಯೋಗಾಲಯದ ಪುಸ್ತಕದಲ್ಲಿ ಬರೆದದ್ದು 1803ರ ಸೆಪ್ಟೆಂಬರ್ 6ರಂದು. ಅದೇ ಅಕ್ಟೋಬರ್ 21ರಂದು ಮ್ಯಾಂಚೆಸ್ಟರ್ ಸಾಹಿತ್ಯ ಮತ್ತು ತತ್ವಶಾಸ್ತ್ರ ಸಂಘದಲ್ಲಿ ನೀರು ಅನಿಲಗಳನ್ನು ಹೀರುವುದರ ಬಗ್ಗೆ ಪ್ರಬಂಧ ಓದಿದ. 1805ರಲ್ಲಿ ಅದು ಅಚ್ಚಾದಾಗ ಕೊನೆಯಲ್ಲಿ ಪರಮಾಣು ತೂಕಗಳ ಪಟ್ಟಿ ಇತ್ತು. ರಸಾಯನವಿಜ್ಞಾನದ ದಿಕ್ಕು ಬದಲಿಸಿದ ಪಟ್ಟಿ ಇಂಥ ಶೀರ್ಷಿಕೆಯ ಪ್ರಬಂಧದ ಬಾಲದಲ್ಲಿ ಕೂತಿದ್ದು ನನಗೆ ಇಂದಿಗೂ ಸೋಜಿಗ.

ಊಹೆ ಬರೀ ಊಹೆಯಾಗಿ ಉಳಿಯದಂತೆ ಮಾಡಿದ್ದು ಕೆರೆಯ ಕೆಸರಿನ ಅನಿಲ. 1804ರ ಬೇಸಿಗೆಯಲ್ಲಿ ಆತ ಕೊಳಗಳ ಕೆಸರು ಕದಡಿ ಬರುವ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷಿಸಿದ. ಅದು ಮೀಥೇನ್, ನಮ್ಮ ಗೋಬರ್ ಗ್ಯಾಸಿನ ಮುಖ್ಯ ಭಾಗ. ಅದನ್ನು ಎಥಿಲೀನ್ ಜೊತೆ ಹೋಲಿಸಿದಾಗ, ಒಂದೇ ತೂಕದ ಕಾರ್ಬನ್‌ಗೆ ಮೀಥೇನ್‌ನಲ್ಲಿ ಸರಿಯಾಗಿ ಎರಡರಷ್ಟು ಹೈಡ್ರೋಜನ್ ಕಂಡಿತು. ಕಾರ್ಬನ್‌ನ ಎರಡು ಆಕ್ಸೈಡ್‌ಗಳಲ್ಲೂ ಹಾಗೇ. 3 ಗ್ರಾಂ ಕಾರ್ಬನ್‌ಗೆ ಒಂದರಲ್ಲಿ 4 ಗ್ರಾಂ ಆಕ್ಸಿಜನ್, ಇನ್ನೊಂದರಲ್ಲಿ 8 ಗ್ರಾಂ. ನಡುವಿನ 5, 6, 7 ಯಾಕೆ ಇಲ್ಲ? ಬಿಡಿ ಕಣಗಳು ಕೂಡುವುದಾದರೆ ಒಂದರ ಪಕ್ಕ ಇನ್ನೊಂದು ಬರಬಹುದು, ಮುಕ್ಕಾಲು ಕಣ ಬರಲಾರದು. ಇದೇ ಗುಣಕ ಅನುಪಾತ ನಿಯಮ. ಪರಮಾಣುವಿನ ಪರವಾಗಿ ಡಾಲ್ಟನ್ ಕೈಯಲ್ಲಿದ್ದ ಅತ್ಯಂತ ಗಟ್ಟಿ ಸಾಕ್ಷ್ಯ ಇದು. ನಾನು ಪಾಠ ಮಾಡಿದ ಪುಸ್ತಕದಲ್ಲಿ ದ್ರವ್ಯರಾಶಿ ಸಂರಕ್ಷಣೆ ಮತ್ತು ಸ್ಥಿರಾನುಪಾತದ ನಿಯಮಗಳಿವೆ, ಇದಿಲ್ಲ. ಇದಕ್ಕೆ ಮಕ್ಕಳು ಪಿಯುಸಿಯವರೆಗೆ ಕಾಯಬೇಕು. 4 ಮತ್ತು 8ರ ಲೆಕ್ಕ 9ನೇ ತರಗತಿಗೆ ಭಾರವೇನಲ್ಲ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮ್ಯಾಂಚೆಸ್ಟರಿನ ಪುರಭವನದಲ್ಲಿ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಬರೆದ ಭಿತ್ತಿಚಿತ್ರವೊಂದಿದೆ. ಡಾಲ್ಟನ್ ಕೋಲಿನಿಂದ ಕೊಳ ಕದಡುತ್ತಿದ್ದಾನೆ, ಹುಡುಗನೊಬ್ಬ ಬಾಟಲಿಯಲ್ಲಿ ಗುಳ್ಳೆ ಹಿಡಿಯುತ್ತಿದ್ದಾನೆ, ಉಳಿದ ಮಕ್ಕಳು ನೋಡುತ್ತಿದ್ದಾರೆ. ಪೀಠಿಕೆಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ.

ಈ ಹೊತ್ತಿಗೆ ಡಾಲ್ಟನ್ ಕಾಲೇಜಿನ ಕೆಲಸ ಬಿಟ್ಟಿದ್ದ. 1800ರಿಂದ ಮನೆಪಾಠವೇ ಜೀವನಾಧಾರ. ಸಾಹಿತ್ಯ ಮತ್ತು ತತ್ವಶಾಸ್ತ್ರ ಸಂಘ ಜಾರ್ಜ್ ಸ್ಟ್ರೀಟಿನ ತನ್ನ ಕಟ್ಟಡದಲ್ಲಿ ಒಂದು ಕೋಣೆ ಕೊಟ್ಟಿತ್ತು. ಪಾಠವೂ ಪ್ರಯೋಗವೂ ಅಲ್ಲೇ. ಹೆಸರಾದ ವಿಜ್ಞಾನಿಯನ್ನು ನೋಡಲೆಂದು ಫ್ರಾನ್ಸಿನಿಂದ ಬಂದವರೊಬ್ಬರು, ಸಣ್ಣ ಹುಡುಗನಿಗೆ ಗಣಿತ ಹೇಳಿಕೊಡುತ್ತಿದ್ದ ವ್ಯಕ್ತಿಯನ್ನು ಕಂಡು ನಂಬಲಾರದೆ ನಿಂತರೆಂದೂ, ಹುಡುಗನ ಲೆಕ್ಕ ಮುಗಿಯುವವರೆಗೆ ಕೂತಿರಿ ಎಂದು ಡಾಲ್ಟನ್ ಹೇಳಿದನೆಂದೂ ಕಥೆಯಿದೆ. ಮದುವೆಯಾಗಲಿಲ್ಲ. ಗುರುವಾರ ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ಚೆಂಡಾಟ, ಉಳಿದಂತೆ ಗಡಿಯಾರದಂತೆ ದಿನಚರಿ.

ಆತ ಒಳ್ಳೆಯ ಉಪನ್ಯಾಸಕನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್‌ಗೆ ಎರಡು ಸಲ ಉಪನ್ಯಾಸಕ್ಕೆ ಕರೆದರು. ಗಡಸು ದನಿ, ನೀರಸ ನಿರೂಪಣೆ ಎಂದು ಕೇಳಿದವರು ದಾಖಲಿಸಿದ್ದಾರೆ. ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ಧ್ವನಿಯ ಏರಿಳಿತಕ್ಕೂ ತರಗತಿಯ ಚೈತನ್ಯಕ್ಕೂ ಇರುವ ಅಂಕಗಳು ಆತನಿಗೆ ಸಿಗುತ್ತಿರಲಿಲ್ಲ. ಬೋಧನೋಪಕರಣದ ಅಂಕ ಮಾತ್ರ ಪೂರ್ತಿ ಸಿಗುತ್ತಿತ್ತು. 1810ರ ಸುಮಾರಿಗೆ ಗೆಳೆಯ ಪೀಟರ್ ಎವರ್ಟ್‌ನಿಂದ ಸುಮಾರು ಒಂದು ಅಂಗುಲ ವ್ಯಾಸದ ಮರದ ಚೆಂಡುಗಳನ್ನು ಮಾಡಿಸಿಕೊಂಡು, ಪರಮಾಣುಗಳು ಹೇಗೆ ಕೂಡುತ್ತವೆ ಎಂದು ತೋರಿಸುತ್ತಿದ್ದ. ನಾವು ಥರ್ಮೋಕೋಲ್ ಗುಂಡುಗಳಲ್ಲಿ ಮಾಡುವ ಮಾದರಿಯ ಅಜ್ಜ ಇದು. ಆತನ ಧಾತುಗಳ ಸಂಕೇತಗಳೂ ಗುಂಡುಗಳೇ. ಖಾಲಿ ವೃತ್ತ ಆಕ್ಸಿಜನ್, ನಡುವೆ ಚುಕ್ಕಿಯಿದ್ದದ್ದು ಹೈಡ್ರೋಜನ್, ಪೂರ್ತಿ ಕಪ್ಪು ಕಾರ್ಬನ್. ಸ್ವೀಡನ್ನಿನ ಬರ್ಜೀಲಿಯಸ್ ಅಕ್ಷರಗಳ ಸಂಕೇತ ತಂದಾಗ ಅಚ್ಚುಮೊಳೆಯವರಿಗೂ ಬರೆಯುವವರಿಗೂ ಅದೇ ಸುಲಭವಾಯಿತು, ಡಾಲ್ಟನ್ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಹಟಮಾರಿತನ ನಿಜ. ಆದರೆ ವೃತ್ತಗಳಲ್ಲಿ ಕಣಗಳ ಎಣಿಕೆ ಕಣ್ಣಿಗೇ ಕಾಣುತ್ತದೆ. ಸೂತ್ರ ಬರೆಯುವ ಮೊದಲು ಮಕ್ಕಳಿಂದ ವೃತ್ತ ಬರೆಸುವುದು ಒಳ್ಳೆಯದೆಂದೇ ನನಗನಿಸುತ್ತದೆ.

ಹಟದ ದೊಡ್ಡ ಉದಾಹರಣೆ ಬೇರೆ ಇದೆ. 1808ರಲ್ಲಿ ಡಾಲ್ಟನ್‌ನ ರಸಾಯನ ತತ್ವದ ಹೊಸ ವ್ಯವಸ್ಥೆ ಎಂಬ ಗ್ರಂಥದ ಮೊದಲ ಭಾಗ ಹೊರಬಂತು. ಅದರಲ್ಲಿ ಆಕ್ಸಿಜನ್ ತೂಕ 7ಕ್ಕೆ ಏರಿತ್ತು, ನೀರು ಮಾತ್ರ ಒಂದಕ್ಕೊಂದೇ. ಅದೇ ವರ್ಷ ಫ್ರಾನ್ಸಿನ ಗೇಲುಸಾಕ್, ಎರಡು ಲೀಟರ್ ಹೈಡ್ರೋಜನ್ ಒಂದು ಲೀಟರ್ ಆಕ್ಸಿಜನ್ ಜೊತೆ ಕೂಡಿ ಎರಡು ಲೀಟರ್ ನೀರಾವಿ ಆಗುತ್ತದೆ ಎಂಬಂಥ ಪೂರ್ಣಾಂಕಗಳ ಅನುಪಾತಗಳನ್ನು ಪ್ರಕಟಿಸಿದ. ಇಂದು ನೋಡಿದರೆ ತಾಂಬೂಲದಲ್ಲಿ ಎಲೆ ಎರಡು ಎಂದು ಯಾರೋ ಕಿವಿಯಲ್ಲಿ ಹೇಳಿದಂತಿದೆ. ಡಾಲ್ಟನ್ ಇದನ್ನು ತಿರಸ್ಕರಿಸಿದ. ಒಂದೇ ಗಾತ್ರದಲ್ಲಿ ಒಂದೇ ಸಂಖ್ಯೆಯ ಕಣಗಳಿದ್ದರೆ, ಒಂದು ಆಕ್ಸಿಜನ್ ಕಣ ಎರಡು ನೀರಿನ ಕಣಗಳಿಗೆ ಹಂಚಿಹೋಗಬೇಕು, ಅಂದರೆ ಒಡೆಯಬೇಕು. ಅಲ್ಲದೆ ಆಕ್ಸಿಜನ್ ಜೊತೆಗೆ ಹೈಡ್ರೋಜನ್ ಸೇರಿದ ನೀರಾವಿ ಆಕ್ಸಿಜನ್‌ಗಿಂತ ಭಾರವಿರಬೇಕಿತ್ತು, ಅದು ಹಗುರವಾಗಿದೆ. ತಾನೇ ಅಳೆದು, ತನಗೆ ಒಂದು ಆಕ್ಸಿಜನ್‌ಗೆ 1.97 ಹೈಡ್ರೋಜನ್ ಸಿಕ್ಕಿದೆ, ಪೂರ್ತಿ 2 ಅಲ್ಲ ಎಂದು ವಾದಿಸಿದ.

1811ರಲ್ಲಿ ಇಟಲಿಯ ಅವೊಗಾಡ್ರೊ ಗಂಟು ಬಿಡಿಸಿದ. ಆಕ್ಸಿಜನ್ ಅನಿಲದ ಕಣವೇ ಎರಡು ಪರಮಾಣುಗಳ ಜೋಡಿ, ಒಡೆಯುವುದು ಆ ಜೋಡಿ, ಪರಮಾಣುವಲ್ಲ. ಡಾಲ್ಟನ್‌ಗೆ ಇದು ಅಸಾಧ್ಯ. ಒಂದೇ ಬಗೆಯ ಕಣಗಳು ಪರಸ್ಪರ ತಳ್ಳುತ್ತವೆ ಎಂಬ ಮೇಲೆಯೇ ಆತನ ಗಾಳಿಯ ವಿವರಣೆ ನಿಂತಿತ್ತಲ್ಲ, ಎರಡು ಆಕ್ಸಿಜನ್‌ಗಳು ಅಂಟಿಕೊಳ್ಳುವುದೆಂತು? ಪರಮಾಣುವಿನತ್ತ ಕರೆತಂದ ಕಲ್ಪನೆಯೇ ಅಣುವಿನ ದಾರಿಗೆ ಅಡ್ಡ ನಿಂತಿತು. ಬೇರೆಯವರೂ ಅವೊಗಾಡ್ರೊನ ಮಾತಿಗೆ ಕಿವಿಗೊಡಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನವಿಜ್ಞಾನಿಗಳ ಸಮ್ಮೇಳನ ಸೇರಿದಾಗ ಕ್ಯಾನಿಜಾರೊ ಅದನ್ನು ಮತ್ತೆ ಎತ್ತಿ ಹಿಡಿದ. ಆಮೇಲೆ ನೀರು ನಮ್ಮ ಮಕ್ಕಳು ಹೇಳುವ ಎಚ್-ಟು-ಓ ಆಗಿ ನಿಂತಿತು, ಆಕ್ಸಿಜನ್ 16 ಆಯಿತು. ಡಾಲ್ಟನ್ ತೀರಿಕೊಂಡು ಆಗ 16 ವರ್ಷ.

ನಮ್ಮ ಪುಸ್ತಕ ಪಾಠದಲ್ಲಿ ಅಣು ಮತ್ತು ಪರಮಾಣುಗಳನ್ನು ಒಂದೇ ಪುಟದ ಆಸುಪಾಸಿನಲ್ಲಿ ವ್ಯಾಖ್ಯಾನಿಸುತ್ತದೆ. ಇವೆರಡರ ನಡುವೆ ಮಕ್ಕಳು ಗೊಂದಲ ಮಾಡಿಕೊಂಡರೆ ನಾವು ಬೇಸರಪಡುತ್ತೇವೆ. ಅದೇ ಗೊಂದಲ ತಿಳಿಯಾಗಲು ಯೂರೋಪಿನ ರಸಾಯನವಿಜ್ಞಾನಿಗಳಿಗೆ ಸುಮಾರು 50 ವರ್ಷ ಹಿಡಿಯಿತು.

ಡಾಲ್ಟನ್‌ನ ಕಣ್ಣಿನ ಕಥೆಯನ್ನು ಬಿಡುವಂತಿಲ್ಲ. ಜೆರೇನಿಯಂ ಹೂವು ಹಗಲಿನಲ್ಲಿ ಒಂದು ಬಣ್ಣ, ಮೇಣದಬತ್ತಿಯ ಬೆಳಕಿನಲ್ಲಿ ಬೇರೆಯೇ ಬಣ್ಣ ಕಂಡಾಗ, ತನ್ನ ನೋಟ ಇತರರಂತಲ್ಲ ಎಂದು ಆತನಿಗೆ ಖಚಿತವಾಯಿತು. ಅಣ್ಣನಿಗೂ ಹಾಗೇ ಕಾಣುತ್ತಿತ್ತು. 1794ರಲ್ಲಿ ಸಂಘದಲ್ಲಿ ಓದಿದ ಮೊದಲ ಪ್ರಬಂಧವೇ ಇದರ ಬಗ್ಗೆ. ಕಣ್ಣಿನೊಳಗಿನ ದ್ರವ ನೀಲಿಯಾಗಿದ್ದು ಕೆಂಪನ್ನು ಹೀರುತ್ತಿರಬೇಕು ಎಂದು ಊಹಿಸಿ, ಸತ್ತ ಮೇಲೆ ಪರೀಕ್ಷಿಸಿ ಎಂದು ಹೇಳಿಟ್ಟ. ಪರೀಕ್ಷಿಸಿದರು. ದ್ರವ ತಿಳಿಯಾಗಿತ್ತು. ಉಳಿಸಿದ್ದ ಕಣ್ಣಿನ ಅಂಗಾಂಶದ ಡಿಎನ್‌ಎಯನ್ನು 1995ರಲ್ಲಿ ನೋಡಿದವರಿಗೆ, ಹಸಿರಿನ ಕಡೆಯ ಬೆಳಕನ್ನು ಗ್ರಹಿಸುವ ವರ್ಣದ್ರವ್ಯ ಆತನಲ್ಲಿ ಇರಲಿಲ್ಲ ಎಂದು ತಿಳಿಯಿತು. ಆಕ್ಸಿಜನ್‌ಗೆ ಕೆಂಪು, ಕ್ಲೋರಿನ್‌ಗೆ ಹಸಿರು ಎಂದು ಚಾರ್ಟ್ ಬರೆಯುವ ನಮ್ಮ ತರಗತಿಯಲ್ಲೂ ಇಂಥ ಹುಡುಗನೊಬ್ಬ ಇರಬಹುದು. ಬಣ್ಣದ ಜೊತೆ ಗುರುತನ್ನೂ ಬರೆದರೆ ಸಾಕು.

ಗೌರವಗಳು ತಡವಾಗಿ ಬಂದವು. 1822ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವ, 1826ರಲ್ಲಿ ಅದರ ರಾಯಲ್ ಪದಕ, 1832ರಲ್ಲಿ ಆಕ್ಸ್‌ಫರ್ಡ್‌ನ ಗೌರವ ಡಾಕ್ಟರೇಟ್, 1833ರಲ್ಲಿ ಸರ್ಕಾರದ ಪಿಂಚಣಿ. 1834ರಲ್ಲಿ ದೊರೆಯ ಮುಂದೆ ಹೋಗುವಾಗ ಆಕ್ಸ್‌ಫರ್ಡ್‌ನ ಕಡುಕೆಂಪು ನಿಲುವಂಗಿ ತೊಟ್ಟ. ಕ್ವೇಕರನಿಗೆ ಕಡುಕೆಂಪು ಸಲ್ಲದ ಬಣ್ಣ. ಆತನ ಕಣ್ಣಿಗೆ ಅದು ಕೆಂಪಾಗಿ ಕಾಣುತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ಮನೆಪಾಠ ನಿಲ್ಲಲಿಲ್ಲ. 1834ರ ಸುಮಾರಿಗೆ ಬಂದ ಇಬ್ಬರು ಸಹೋದರರಿಗೆ ಅಂಕಗಣಿತ, ರೇಖಾಗಣಿತ ಹೇಳಿಕೊಟ್ಟ. ಅವರಲ್ಲಿ ಒಬ್ಬ ಜೇಮ್ಸ್ ಜೂಲ್, ಶಕ್ತಿಯ ಏಕಮಾನಕ್ಕೆ ಹೆಸರಾದವನು. 1837ರಲ್ಲಿ ಡಾಲ್ಟನ್‌ಗೆ ಪಾರ್ಶ್ವವಾಯು ಬಡಿಯಿತು. 1844ರ ಜುಲೈ 26ರ ರಾತ್ರಿ ನಡುಗುವ ಕೈಯಲ್ಲಿ ಆ ದಿನದ ಹವಾಮಾನ ಬರೆದು, ಸ್ವಲ್ಪ ಮಳೆಯಾಯಿತೆಂದು ಸೇರಿಸಿ ಮಲಗಿದ. ಮರುದಿನ ಬೆಳಿಗ್ಗೆ ಜೀವ ಹೋಯಿತು. ಪುರಭವನದಲ್ಲಿ ಇಟ್ಟಿದ್ದ ಶವಪೆಟ್ಟಿಗೆಯ ಮುಂದೆ 40,000ಕ್ಕೂ ಹೆಚ್ಚು ಜನ ಹಾದುಹೋದರು.

ಆತನ ಪ್ರಯೋಗ ಪುಸ್ತಕಗಳೂ ಕಾಗದಗಳೂ ಜಾರ್ಜ್ ಸ್ಟ್ರೀಟಿನ ಸಂಘದ ಕಟ್ಟಡದಲ್ಲೇ ಉಳಿದವು. 1940ರ ಡಿಸೆಂಬರಿನಲ್ಲಿ ಜರ್ಮನ್ ಬಾಂಬ್ ದಾಳಿಗೆ ಆ ಕಟ್ಟಡ ಸುಟ್ಟುಹೋಯಿತು, ಬಹುಪಾಲು ಕಾಗದಗಳೂ ಸುಟ್ಟವು. 1803ರ ಸೆಪ್ಟೆಂಬರ್ 6ರ ಪಟ್ಟಿಯನ್ನು ಇಂದು ನಾವು ಓದುತ್ತಿರುವುದು, ರಾಸ್ಕೊ ಮತ್ತು ಹಾರ್ಡನ್ ಎಂಬ ಇಬ್ಬರು ಅದಕ್ಕೂ 44 ವರ್ಷ ಮೊದಲು, 1896ರಲ್ಲಿ, ಆ ಪುಸ್ತಕಗಳನ್ನು ಪುಟ ಪುಟವಾಗಿ ನೋಡಿ ಮುಖ್ಯ ಭಾಗಗಳನ್ನು ಅಚ್ಚು ಹಾಕಿಸಿದ್ದರಿಂದ.